ದೊಡ್ಡವ್ವನಿಗೆ ತೋರಿಸದ ಸೀರೆ

ದೆವ್ವ, ಗಾಳಿ ಎಂದರೆ ನಾನು ನಗುತ್ತಿದ್ದವಳು. ಜಹೀರಾಬಾದಿನಲ್ಲಿ ಬಿಎಸ್ಸಿ ಓದುತ್ತಿದ್ದಾಗ, ಪರೀಕ್ಷೆಯ ಫಲಿತಾಂಶಕ್ಕಿಂತ ದೊಡ್ಡ ದೆವ್ವ ಇಲ್ಲ ಎಂದು ಗೆಳತಿಯರಿಗೆ ಹೇಳುತ್ತಿದ್ದೆ. ಈಗಲೂ ಪೂರ್ತಿ ನಂಬುತ್ತೇನೆ ಎನ್ನಲಾರೆ. ಆದರೆ ಆ ಯುಗಾದಿಯ ಮಧ್ಯಾಹ್ನದಿಂದ ನಗುವುದನ್ನು ಬಿಟ್ಟಿದ್ದೇನೆ.

ನಮ್ಮವ್ವ ಅಪ್ಪನ ಎರಡನೆಯ ಹೆಂಡತಿ. ಮೊದಲನೆಯವಳು ತಾಂಡೂರಿನವಳು, ಮದುವೆಯಾದ ಎರಡೇ ವರ್ಷಕ್ಕೆ ಜ್ವರ ಬಂದು ತೀರಿಕೊಂಡಳು ಎಂದೇ ಕೇಳಿ ಬೆಳೆದೆವು. ಆಕೆ ನಮಗೆ ದೊಡ್ಡವ್ವ. ಆಕೆಯ ಮುಖ ಮೂಡಿಸಿದ ಪುಟ್ಟ ಬೆಳ್ಳಿ ತಗಡು ಸದಾ ಅವ್ವನ ಕೊರಳಲ್ಲಿರುತ್ತದೆ. ಹೊಸ ಸೀರೆ ತಂದರೆ ಮೊದಲು ಅದರ ಮೇಲೆ ತಗಡನ್ನಿಟ್ಟು ದೊಡ್ಡವ್ವನಿಗೆ ಒಪ್ಪಿಸಬೇಕು, ಆಮೇಲೆ ಅವ್ವ ಉಡಬೇಕು. ಸವತಿ ಮುನಿಸಿಕೊಳ್ಳಬಾರದಲ್ಲ!

ಆ ಹಬ್ಬಕ್ಕೆ ಸೀರೆ ತಂದವಳು ನಾನು. ನಾರಾಯಣಖೇಡದಲ್ಲಿ ಬಸ್ಸಿಳಿದು ಮನೆ ಸೇರುವಾಗ ಹನ್ನೆರಡು ದಾಟಿತ್ತು.

“ತಡಿಯವ್ವ, ಮೊದಲ ಅಕ್ಕಗ ತೋರಸ್ತೀನಿ” ಎಂದಳು ಅವ್ವ.

“ಸತ್ತಾಕಿಗಿ ಯಾಕ ಬೇ? ನಿನಗಂತ ತಂದೀನಿ” ಎಂದು ಸಿಡುಕಿ, ಹಟ ಹಿಡಿದು ಉಡಿಸಿಬಿಟ್ಟೆ.

ಊಟಕ್ಕೆ ಕುಳಿತೆವು. ಹದಿನಾರರ ತಂಗಿ ಭಾಗ್ಯ ಹೋಳಿಗೆ ಮುರಿಯುತ್ತಿದ್ದವಳು, ಇದ್ದಕ್ಕಿದ್ದಂತೆ ಅವ್ವನ ಸೆರಗು ಹಿಡಿದಳು. ನಾನು ಎಳೆದರೂ ಬೆರಳು ಬಿಚ್ಚಲಿಲ್ಲ. ಅವಳ ಕಣ್ಣು ಅಪ್ಪನ ಮೇಲಿತ್ತು.

“ಏನ್ರೀ” ಎಂದಳು. ಹೆತ್ತ ಅಪ್ಪನಿಗೆ! “ನನ್ನ ಕೂಸಿಗಿ ಹೆಸರಿಟ್ರೇನ್ರೀ?”

ಅಪ್ಪನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಅಷ್ಟರಲ್ಲಿ ಭಾಗ್ಯಳ ಉಸಿರು ಕಟ್ಟಿತು, ತುಟಿ ನೀಲಿಗಟ್ಟಿತು. ನೀರು ಚಿಮುಕಿಸಿದೆ, ಬೆನ್ನಿಗೆ ಗುದ್ದಿದೆ. ತಂಗಿ ಕಣ್ಣೆದುರೇ ಹೋಗುತ್ತಾಳೆ ಎನಿಸಿತು. ಓದಿದ್ದೆಲ್ಲ ಮರೆತುಹೋಗಿತ್ತು.

ಅವ್ವ ಮಾತ್ರ ನಾಚಿಕೆ ಬಿಟ್ಟು ಅಲ್ಲೇ ಸೀರೆ ಬಿಚ್ಚಿ ಅವಳ ಉಡಿಗೆ ಹಾಕಿದಳು, ಕೊರಳ ತಗಡು ತೆಗೆದು ಅದರ ಮೇಲಿಟ್ಟಳು. “ತಪ್ಪಾತಕ್ಕ, ಇದು ನಿಂದೇ ಅದ. ನನ್ನ ಕೂಸಿಗಿ ಬಿಡು” ಎಂದು ಅತ್ತಳು.

ಭಾಗ್ಯ ದೊಡ್ಡದಾಗಿ ಉಸಿರೆಳೆದಳು. ಸ್ವಲ್ಪ ಹೊತ್ತಿಗೆ, “ಎಲ್ಲಾರೂ ಯಾಕ ಅಳ್ಳಾಕತ್ತೀರಿ?” ಎಂದು ನಮ್ಮನ್ನೇ ಕೇಳಿದಳು.

ಡಾಕ್ಟರು ನಿಶ್ಶಕ್ತಿ ಎಂದರು. ನಾನೂ ಒಪ್ಪಿಕೊಳ್ಳುತ್ತಿದ್ದೆನೇನೋ. ಆದರೆ ಆ ಸಂಜೆ ಅಪ್ಪ ಬಾಯಿಬಿಟ್ಟರು. ದೊಡ್ಡವ್ವ ಸತ್ತದ್ದು ಜ್ವರದಿಂದಲ್ಲ, ಹೆರಿಗೆಯಲ್ಲಿ. ಕೂಸೂ ಒಂದೇ ದಿನ ಬದುಕಿತ್ತು. ಇದು ಅವ್ವನಿಗೂ ಗೊತ್ತಿರಲಿಲ್ಲ. ಭಾಗ್ಯ ಎಲ್ಲಾದರೂ ಕೇಳಿರಬಹುದೇ? ಯಾರ ಬಾಯಿಂದ? ಎಷ್ಟು ಯೋಚಿಸಿದರೂ ನನಗೆ ಬಗೆಹರಿಯುವುದಿಲ್ಲ.

ಈ ಮನೆಯ ಹಿರಿಮಗಳು ನಾನೇ ಎಂದುಕೊಂಡು ಬೆಳೆದವಳು ನಾನು. ಆ ಕೂಸು ಹೆಣ್ಣೋ ಗಂಡೋ ಎಂದು ಅಪ್ಪನನ್ನು ಕೇಳುವ ಧೈರ್ಯ ಇಂದಿಗೂ ಬಂದಿಲ್ಲ.