ಬೆಳ್ಳಿ ಬಣ್ಣ ಬಳಿದ ಆಂಟೆನಾ

2000ದ ದಶಕದ ನಡುವಿನ ವರ್ಷಗಳಲ್ಲಿ ನಾನು ನಂಜನಗೂಡಿನಲ್ಲಿ ದೂರವಾಣಿ ಎಂಜಿನಿಯರ್ ಆಗಿದ್ದೆ. ತಿ. ನರಸೀಪುರದ ಟವರ್ ಕೇಂದ್ರವೂ ನನ್ನ ಸುಪರ್ದಿಗೇ ಸೇರಿತ್ತು. ಕಂಬ, ತಂತಿ ಹೋಗದ ಕಡೆಗೆ ಆಗಷ್ಟೇ ಡಬ್ಲ್ಯುಎಲ್‌ಎಲ್ ಫೋನುಗಳು ಬಂದಿದ್ದವು. ನೋಡಲು ಮನೆಯ ಫೋನಿನಂತೆಯೇ ಇದ್ದರೂ ಅವು ತಂತಿಯಿಲ್ಲದೆ ಟವರಿನಿಂದ ನಡೆಯುತ್ತಿದ್ದವು, ಕರೆಂಟು ಹೋದರೆ ಒಳಗೊಂದು ಬ್ಯಾಟರಿಯೂ ಇತ್ತು.

ಈ ಟವರುಗಳಿಗೆ ಕರಾರುವಾಕ್ಕಾದ ಸಮಯ ಬೇಕು. ಸೆಕೆಂಡಿನ ಲಕ್ಷದಲ್ಲೊಂದು ಪಾಲು ಹೆಚ್ಚುಕಮ್ಮಿಯಾದರೂ ಒಂದರ ಮಾತಿಗೆ ಇನ್ನೊಂದು ಬಾಯಿ ಹಾಕುತ್ತದೆ. ಆ ಸಮಯವನ್ನು ಜಿಪಿಎಸ್ ಉಪಗ್ರಹಗಳಿಂದ ಪಡೆಯುವ ರಿಸೀವರ್ ಯಂತ್ರದ ಕೋಣೆಯಲ್ಲಿತ್ತು. ಅದರ ಆಂಟೆನಾ, ಅಂಗೈಯಗಲದ ಬಿಳಿ ಪ್ಲಾಸ್ಟಿಕ್ ಬುರುಡೆ, ಆಕಾಶ ಚೆನ್ನಾಗಿ ಕಾಣಲೆಂದು ಟವರಿನಿಂದ ದೂರಕ್ಕೆ, ಕೇಂದ್ರದ ಕಟ್ಟಡದ ಆಚೆ ತುದಿಯ ತಾರಸಿಯಲ್ಲಿ ಒಂದು ಪೈಪಿನ ತುದಿಗಿತ್ತು. ನಡುವೆ ಎಂಬತ್ತು ಮೀಟರ್ ಕೇಬಲ್. ಆ ಕೇಬಲಿನಲ್ಲಿ ಹತ್ತು ಮೀಟರಿಗೆ ಮೂರು ಡೆಸಿಬೆಲ್ ನಷ್ಟ, ಅಂದರೆ ಸಿಗ್ನಲ್ ಅರ್ಧಕ್ಕರ್ಧ ಇಳಿಯುತ್ತದೆ. ಒಟ್ಟು ಇಪ್ಪತ್ತನಾಲ್ಕು ಹೋಯಿತು. ಆಂಟೆನಾ ಒಳಗಿನ ಆಂಪ್ಲಿಫೈಯರ್ ಕೊಡುವುದು ಇಪ್ಪತ್ತಾರು. ಉಳಿದ ಎರಡರಿಂದ ರಿಸೀವರಿನ ಹೊಟ್ಟೆ ತುಂಬುವುದಿಲ್ಲವೆಂದು ಕೇಬಲಿನ ಮೇಲ್ತುದಿಯಲ್ಲಿ ಇಪ್ಪತ್ತು ಡೆಸಿಬೆಲ್‌ನ ಇನ್ನೊಂದು ಆಂಪ್ಲಿಫೈಯರ್ ಹಾಕಿಸಿದ್ದೆ. ಯಂತ್ರ ಪೂರೈಸಿದ ಕಂಪನಿಯವರಿಗೆ ಇದು ಹಿಡಿಸಿರಲಿಲ್ಲ. ನಾನೂ ಪಟ್ಟು ಬಿಟ್ಟಿರಲಿಲ್ಲ.

ಆಯುಧಪೂಜೆಯ ದಿನ ಬೆಳಿಗ್ಗೆ ನರಸೀಪುರದಿಂದ ಫೋನ್ ಬಂತು. ಹಿಂದಿನ ಸಂಜೆಯಿಂದಲೇ ರಿಸೀವರಿಗೆ ಒಂದು ಉಪಗ್ರಹವೂ ಸಿಕ್ಕುತ್ತಿಲ್ಲ, ಒಳಗಿನ ಗಡಿಯಾರದ ಮೇಲೆ ಹೇಗೋ ನಡೆಯುತ್ತಿದೆ ಎಂದರು. ಅಂಥ ಗಡಿಯಾರ ಹೆಚ್ಚೆಂದರೆ ಒಂದು ರಾತ್ರಿ ತಾಳುತ್ತದೆ, ಆಮೇಲೆ ಟವರ್ ತಾನಾಗಿಯೇ ಬಂದ್ ಆಗುತ್ತದೆ. ಜೀಪು ಹತ್ತಿ ಹೊರಟಾಗ ನಂಜನಗೂಡಿನ ಸೇತುವೆಯ ಕೆಳಗೆ ಕಪಿಲೆ ಕೆಂಪಗೆ ಉಬ್ಬಿ ಹರಿಯುತ್ತಿತ್ತು. ಮೇಲೆ ವಾರದಿಂದ ಮಳೆ. ಅದೇ ನೀರು ನರಸೀಪುರದಲ್ಲಿ ಕಾವೇರಿ ಸೇರಿ ಹೆಮ್ಮಿಗೆಯ ಕಡೆ ಹೋಗಬೇಕು.

ನಾನು ತಲುಪುವ ಹೊತ್ತಿಗೆ ಟವರ್ ಬಂದ್ ಆಗಿತ್ತು. ಕೇಂದ್ರವನ್ನು ನೋಡಿಕೊಳ್ಳುತ್ತಿದ್ದ ಮಹದೇವಯ್ಯ ಬಾಗಿಲಲ್ಲೇ ನಿಂತಿದ್ದರು.

"ಮೇಡಮ್ಮೋರೆ, ಡ್ಯಾಮಿಂದ ಇನ್ನೂ ನೀರು ಬುಟ್ಟವ್ರಂತೆ. ತಾಲ್ಲೂಕಾಪೀಸಿಂದ ಎಮ್ಮಿಗೆ ಪಂಪ್‌ಹೌಸಿಗೆ ಫೋನ್ ಮಾಡುದ್ರೆ ಓಯ್ತಾ ಇಲ್ಲ. ನಮ್ಮೆಂಡ್ರು ಮಕ್ಳು ಟ್ಯಾಕ್ಟ್ರು ತೊಳಿಯಕ್ಕೆ ಒಳೆಗೋಗವ್ರೆ."

ಅವರು ಹೆಮ್ಮಿಗೆಯವರು. ಹಬ್ಬದ ದಿನ ಗಾಡಿ, ಟ್ರ್ಯಾಕ್ಟರು, ನೇಗಿಲು ಎಲ್ಲವನ್ನೂ ಹೊಳೆಗಿಳಿಸಿ ತೊಳೆಯುವುದು ಅಲ್ಲಿನ ವಾಡಿಕೆ. ಹೊಳೆಯ ಪಕ್ಕದ ಪಂಪ್‌ಹೌಸಿನಲ್ಲಿದ್ದದ್ದು ನಮ್ಮದೇ ಡಬ್ಲ್ಯುಎಲ್‌ಎಲ್ ಫೋನು. ಎಚ್ಚರಿಕೆಯ ಮಾತು ಹೊಳೆಯಂಚಿಗೆ ಮುಟ್ಟಲು ಬೇರೆ ಫೋನಿರಲಿಲ್ಲ. ರಸ್ತೆಯ ಮೇಲೆ ಹಳ್ಳ ಉಕ್ಕಿದ್ದರಿಂದ ತಾಲ್ಲೂಕಿನ ಜೀಪು ಬಳಸು ದಾರಿ ಹಿಡಿದಿತ್ತು. ಅದು ನೀರಿಗಿಂತ ಮೊದಲು ಸೇರುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ.

ಕಂಪನಿಯ ಎಂಜಿನಿಯರ್ ಮೈಸೂರಿನಿಂದ ಲೈನಿನಲ್ಲಿದ್ದರು. "ನಿಮ್ಮ ಎಕ್ಸ್‌ಟ್ರಾ ಆಂಪ್ಲಿಫೈಯರೇ ಕೈಕೊಟ್ಟಿರುತ್ತೆ ಮೇಡಂ. ಅದನ್ನ ತೆಗೆದುಹಾಕಿ," ಎಂದರು.

ನನಗೆ ಮೈಯೆಲ್ಲ ಉರಿಯಿತು. ಆದರೆ ಜಗಳಕ್ಕೆ ಹೊತ್ತಿರಲಿಲ್ಲ. ಆಂಟೆನಾ ಮತ್ತು ಆಂಪ್ಲಿಫೈಯರಿಗೆ ಕರೆಂಟು ಹೋಗುವುದು ಅದೇ ಕೇಬಲಿನಲ್ಲಿ. ಮೀಟರ್ ಹಿಡಿದು ನೋಡಿದೆ. ಎರಡೂ ಎಂದಿನಷ್ಟೇ ಕರೆಂಟು ಎಳೆಯುತ್ತಿದ್ದವು. ಕೇಬಲ್ ತುಂಡಾಗಿಲ್ಲ, ಆಂಪ್ಲಿಫೈಯರ್ ಸತ್ತಂತೆಯೂ ಕಾಣಲಿಲ್ಲ. ಹಾಗಿದ್ದರೆ ತೊಂದರೆ ಅದಕ್ಕೂ ಮೇಲೆ. ಸೀರೆಯ ಸೆರಗು ಸಿಕ್ಕಿಸಿಕೊಂಡು ತಾರಸಿಯ ಏಣಿ ಹತ್ತಿದೆ.

ಪೈಪು ಫಳಫಳ ಹೊಳೆಯುತ್ತಿತ್ತು. ಅದರ ತುದಿಯ ಬುರುಡೆಯೂ ಹೊಳೆಯುತ್ತಿತ್ತು. ಬೆಳ್ಳಿ ಬಣ್ಣ. ಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ.

"ಇದಕ್ಕೆ ಬಣ್ಣ ಹೊಡೆದವರು ಯಾರ್ರೀ?" ಎಂದು ಕೂಗಿದೆ.

ಹಿಂದೆಯೇ ಹತ್ತಿ ಬಂದಿದ್ದ ಮಹದೇವಯ್ಯ, "ನಾನೇ ಕಣ್ರವ್ವ. ಪೂಜೆಗೆ ಅಂತ ನೆನ್ನೆ ಜನರೇಟ್ರು, ಗೇಟು, ಪೈಪು ಎಲ್ಲಾಕೂ ಬಳುದೆ. ಅದೊಂದುನ್ನೇ ಬುಟ್ರೆ ಚೆಂದಾಗಿರಕಿಲ್ಲ ಅಂತ..." ಎಂದರು.

ಆ ಬಣ್ಣದಲ್ಲಿ ಅಲ್ಯೂಮಿನಿಯಂ ಪುಡಿ ಇರುತ್ತದೆ. ಆಂಟೆನಾಗೆ ತಗಡಿನ ಮುಚ್ಚಳ ಹಾಕಿದ ಹಾಗೆ ಲೆಕ್ಕ. ಬೇರೆ ಆಂಟೆನಾ ತರಿಸಲು ಮೈಸೂರಿಗೇ ಹೋಗಬೇಕು. ಥಿನ್ನರ್ ಹಾಕಿದರೆ ಪ್ಲಾಸ್ಟಿಕ್ ಸೀಳಿ ಮಳೆನೀರು ಒಳಗಿಳಿದೀತು. ತೇವದ ಹವೆಗೆ ಬಣ್ಣ ಇನ್ನೂ ಗಟ್ಟಿಯಾಗಿರಲಿಲ್ಲ, ಸೀಮೆಎಣ್ಣೆ ಸಾಕೆನಿಸಿ ಕೆಳಗಿನಿಂದ ಡಬ್ಬಿ ತರಿಸಿ ಬಟ್ಟೆ ಅದ್ದಿದೆ. ಮಹದೇವಯ್ಯ ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡು, ಉಟ್ಟ ಹೊಸ ಪಂಚೆಯನ್ನೂ ಲೆಕ್ಕಿಸದೆ, ತುಟಿ ಕಚ್ಚಿಕೊಂಡು ಉಜ್ಜತೊಡಗಿದರು. ಒಂದು ಮಗ್ಗುಲು ಬಿಳಿ ಕಂಡಿತು. ನಾನು ಕೆಳಗೆ ಓಡಿದೆ.

ಕೇಂದ್ರದ ಅಕ್ಷಾಂಶ, ರೇಖಾಂಶ ರಿಸೀವರಿನಲ್ಲಿ ಮೊದಲೇ ಉಳಿದಿದ್ದರಿಂದ ಸಮಯ ಹಿಡಿಯಲು ಒಂದೇ ಉಪಗ್ರಹ ಸಾಕಿತ್ತು. ಪರದೆಯ ಮೇಲೆ ಸೊನ್ನೆ ಅಲುಗಲೇ ಇಲ್ಲ. "ಇನ್ನೂ ಉಜ್ಜಿ!" ಎಂದು ಕಿಟಕಿಯಿಂದ ಕಿರುಚಿದೆ. ಕೊನೆಗೆ ಒಂದು ಬಂತು, ಹಿಂದೆಯೇ ಮೂರು. ಕೆಂಪು ದೀಪ ಹಸಿರಾಯಿತು. ಟವರ್ ಎದ್ದು ನಿಲ್ಲಲು ಮತ್ತೆ ಕೆಲವು ನಿಮಿಷ. ಅಷ್ಟು ಉದ್ದದ ನಿಮಿಷಗಳನ್ನು ನಾನು ಕಂಡಿಲ್ಲ.

ಪಂಪ್‌ಹೌಸಿನ ಆಪರೇಟರ್ ಸಿದ್ದರಾಜು ಫೋನೆತ್ತಿದ. ವಿಷಯ ಹೇಳಿದ್ದೇ ತಡ ಫೋನಿನ ಹಿಡಿಯನ್ನು ಅಲ್ಲೇ ಬಿಟ್ಟು ಹೊರಗೋಡಿದ. "ಮ್ಯಾಕ್ಕೆ ಬನ್ರಲಾ! ಟ್ಯಾಕ್ಟ್ರು ಬುಟ್ಬುಡ್ರಲಾ!" ಎಂಬ ಕೂಗು ನನಗೆ ಕೇಳಿಸುತ್ತಿತ್ತು. ಆಮೇಲೆ ಅದೂ ನಿಂತಿತು.

ಮಹದೇವಯ್ಯ ಇಳಿದು ಬಂದು ನೆಲದ ಮೇಲೆ ಕುಳಿತರು. ಅವರನ್ನು ಬೈಯಲು ನಾಲಿಗೆಯ ತುದಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. ಬಹಳ ಹೊತ್ತಿನ ಮೇಲೆ ಫೋನ್ ಹೊಡೆದುಕೊಂಡಿತು.

"ಸಿದ್ರಾಜು ಕಣ್ರವ್ವ. ಪಂಪ್‌ಹೌಸಿಗೆ ನೀರು ನುಗ್ತು, ಫೋನ್ ಪೆಟ್ಗೇನ ಕಂಕುಳಲ್ಲಿಟ್ಕಂಡು ದಿಬ್ಬಕ್ಕೆ ಬಂದಿವ್ನಿ. ಎರಡು ಟ್ಯಾಕ್ಟ್ರು ಓಯ್ತು. ಜನ ಎಲ್ಲಾ ಬಂದವ್ರೆ. ಮಾದೇವಣ್ಣನ ಸಂಸಾರ ನನ್ನ ಮುಂದ್ಗಡೇನೆ ಕೂತದೆ, ಕೊಡ್ಲಾ?"

ನಾನು ಫೋನನ್ನು ಮಹದೇವಯ್ಯನವರ ಕೈಗೆ ಕೊಟ್ಟೆ. ಅತ್ತಲಿಂದ ಹೆಂಡತಿಯ ದನಿ ಕೇಳಿದ್ದೇ ಅವರು ಮಗುವಿನಂತೆ ಅತ್ತುಬಿಟ್ಟರು. ನನ್ನ ಕಣ್ಣೂ ತುಂಬಿತು.

ಅಂದಿನಿಂದ ನಾನು ಯೋಜಿಸಿದ ಪ್ರತಿ ಕೇಂದ್ರದಲ್ಲೂ, ಕೇಬಲಿನ ನಷ್ಟ ಅಳೆದ ಮೇಲೆ, ಅಲ್ಲಿ ದಿನವೂ ಇರುವವರನ್ನು ತಾರಸಿಗೆ ಕರೆದೊಯ್ದು ಆ ಬುರುಡೆ ಏನು ಮಾಡುತ್ತದೆಂದು ಹೇಳುತ್ತಿದ್ದೆ. ಯಂತ್ರಕ್ಕೆ ಕೈಮುಗಿಯುವವರಿಗೆ ಅದರ ಕೆಲಸ ತಿಳಿಯುವವರೆಗೆ ಎಂಜಿನಿಯರಿನ ಕೆಲಸ ಮುಗಿಯುವುದಿಲ್ಲ.