ಅಕ್ಕನ ಗ್ಯಾನ

ಬೇರೆಯವರ ಮಾತು ತಿದ್ದುವುದು ನನಗೆ ಅಂಟಿಕೊಂಡ ಚಟ. ಶಿಕಾರಿಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ನಾನು ನಿವೃತ್ತನಾದೆ, ಚಟ ಆಗಲಿಲ್ಲ. ಸಂತೆಯಲ್ಲಿ ಸೊಪ್ಪು ಮಾರುವವಳನ್ನೂ ತಿದ್ದಿದ್ದೇನೆ, ಬೈಸಿಕೊಂಡೂ ಇದ್ದೇನೆ. ಹಾಗೆ ತಿದ್ದಿದ ಸಾವಿರಾರು ಮಾತುಗಳಲ್ಲಿ ಒಂದು ಮಾತ್ರ ಈಗ ನೆಮ್ಮದಿಯಾಗಿ ಊಟಕ್ಕೆ ಕೂರಲೂ ಬಿಡುವುದಿಲ್ಲ. ಅದು ‘ಗ್ಯಾನ’.

ನಮ್ಮ ಕಡೆ ಈ ಪದಕ್ಕೆ ನೂರೆಂಟು ಕೆಲಸ. ಮೂರ್ಛೆ ಹೋದವನಿಗೆ ಗ್ಯಾನ ತಪ್ಪಿತು ಅನ್ನುತ್ತಾರೆ. ಪಾಠ ಕೇಳದ ಹುಡುಗನಿಗೆ ಗ್ಯಾನ ಎಲ್ಲೈತೋ ಅನ್ನುತ್ತಾರೆ. ದೂರದಲ್ಲಿರುವವರು ನೆನಪಾದರೆ ಅವರ ಗ್ಯಾನ ಬಂತು ಅನ್ನುತ್ತಾರೆ. ಕಣ್ಣು ನೆಟ್ಟು ಪೂಜೆಗೆ ಕೂತವರು ಮಾಡುವುದೂ ಗ್ಯಾನವೇ. ಜ್ಞಾನ, ಧ್ಯಾನ ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದೀರಿ ಎಂದು ಅಕ್ಕನ ಮುಂದೆ ಆಡಿಕೊಳ್ಳುತ್ತಿದ್ದೆ.

“ಎರಡೂ ಬ್ಯಾರೆ ಅಂತ ನಿಂಗ್ಯಾರು ಹೇಳಿದ್ರೋ?” ಅನ್ನುತ್ತಿದ್ದಳು ಅಕ್ಕ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಳಗುಂದದ ನಮ್ಮ ಮನೆಯಲ್ಲಿ ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅಲ್ಲಿಂದ ಮುಂದೆ ನನ್ನ ತಲೆಗೆ ಎಣ್ಣೆ ಹಚ್ಚಿದವಳು ಅವಳು. ಆನವಟ್ಟಿಗೆ ಮದುವೆಯಾಗಿ ಹೋದ ಮೇಲೆ ನನ್ನನ್ನೂ ಅಲ್ಲಿಗೇ ಕರೆಸಿಕೊಂಡು ಓದಿಸಿದಳು. ನಾನು ವಿಜ್ಞಾನ ತೆಗೆದುಕೊಂಡಿದ್ದೂ ಅವಳ ಹಠದಿಂದಲೇ. ಆ ವಿಜ್ಞಾನವನ್ನು ಮೊದಲು ಪ್ರಯೋಗಿಸಿದ್ದು ಅವಳ ಮೇಲೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಅವಳು ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕೊರಳಲ್ಲಿ ತೂಗುವ ಬೆಳ್ಳಿಯ ಕರಡಿಗೆಯ ಮುಚ್ಚಳ ತೆಗೆದು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂರುತ್ತಿದ್ದಳು. ಅಂಗೈ ಬಿಚ್ಚಿರುತ್ತಿತ್ತು, ಬೆರಳುಗಳು ತುಸು ಮೇಲೆದ್ದಿರುತ್ತಿದ್ದವು. ಕಪ್ಪು ಲಿಂಗದ ಮೇಲೆ ಹೊಳೆಯುವ ಒಂದು ಚುಕ್ಕೆ ಬೆಳಕನ್ನೇ ನೋಡುತ್ತಾ ಅರ್ಧ ಗಂಟೆ ಕೂತಿರುತ್ತಿದ್ದಳು. ಅದು ಮುಗಿಯುವವರೆಗೆ ಗುಟುಕು ನೀರೂ ಬಾಯಿಗೆ ಹಾಕುತ್ತಿರಲಿಲ್ಲ. ಕಣ್ಣು ಮುಚ್ಚಿದ ಮೇಲೂ ಬೆಳಕು ಕಾಣುತ್ತದೆ ಎಂದು ಒಮ್ಮೆ ಹೇಳಿದಳು. ನಾನು ಕಾಲೇಜಿನ ಹುಮ್ಮಸ್ಸಿನಲ್ಲಿದ್ದೆ. ಒಂದನ್ನೇ ದಿಟ್ಟಿಸಿದರೆ ಕಣ್ಣಿನ ಪರದೆ ದಣಿಯುತ್ತದೆ, ಆಮೇಲೆ ಬಿಂಬ ಉಳಿಯುತ್ತದೆ, ಬಲ್ಬು ನೋಡಿದರೂ ಹಾಗೇ ಆಗುತ್ತದೆ ಎಂದು ಕಾಗದದ ಮೇಲೆ ಕಣ್ಣಿನ ಚಿತ್ರ ಬರೆದು ತೋರಿಸಿದೆ. ಅವಳು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಕಾಣೋದು ಹೆಂಗೆ ಅಂತ ಹೇಳಿದಿ. ನೋಡೋರು ಯಾರು ಅಂತ ಐತೇನು ನಿನ್ನ ಪುಸ್ತಕದಾಗೆ?”

“ಅದು ನಮ್ಮ ಸಿಲೆಬಸ್ಸಲ್ಲಿಲ್ಲ” ಅಂದೆ. ಇಬ್ಬರೂ ನಕ್ಕೆವು.

ಹೋದ ವರ್ಷದ ಹಿಂದಿನ ವರ್ಷ ಅವಳು ಅಕ್ಕಿ ಆರಿಸುತ್ತಾ ಕೂತಲ್ಲೇ ವಾಲಿದಳು. ಮೆದುಳಿನಲ್ಲಿ ರಕ್ತಸ್ರಾವ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಒಯ್ಯುವ ಮೊದಲು ಮೈಮೇಲಿನ ಬೆಳ್ಳಿ ಬಂಗಾರ ತೆಗೆಯಿರಿ ಎಂದರು. ಕರಡಿಗೆಗೆ ಕೈಹಾಕಲು ಅವಳ ಮಗ ಹೆದರಿದ. ಲಿಂಗ ಮೈಯಿಂದ ದೂರವಾದರೆ ಜೀವ ಹೋದ ಹಾಗೆ ಎಂದು ನಂಬಿದ ಮನೆ ಅದು. ನಾನು ಬಿಚ್ಚಿದೆ. ಹಿಂದೆಮುಂದೆ ನೋಡದೆ ಬಿಚ್ಚಿದ್ದನ್ನು ಆಗ ಹೆಮ್ಮೆಯ ಕೆಲಸ ಎಂದುಕೊಂಡಿದ್ದೆ.

ಮೂರು ವಾರದ ಮೇಲೆ ಮನೆಗೆ ಕಳಿಸಿದರು. ಮೂಗಿನಲ್ಲಿ ನಳಿಗೆ, ಅದರಲ್ಲಿ ಗಂಜಿ. ಕಣ್ಣು ಬಿಡುತ್ತಿದ್ದಳು, ಮುಚ್ಚುತ್ತಿದ್ದಳು, ಎದುರು ನಿಂತರೆ ನಮ್ಮನ್ನು ದಾಟಿ ಗೋಡೆ ನೋಡುತ್ತಿದ್ದಳು. “ಅವರಿಗೆ ಏನೂ ತಿಳೀತಿಲ್ಲ ಅಂತ ಕಾಣುತ್ತೆ, ಖಚಿತವಾಗಿ ಹೇಳೋಕಾಗಲ್ಲ” ಎಂದಿದ್ದರು ಡಾಕ್ಟರು. ನಾನು ಆನವಟ್ಟಿಗೆ ತಂದದ್ದು ‘ಏನೂ ತಿಳೀತಿಲ್ಲ’ ಎಂಬಷ್ಟನ್ನು. ಉಳಿದರ್ಧವನ್ನು ಆಸ್ಪತ್ರೆಯಲ್ಲೇ ಬಿಟ್ಟುಬಂದಿದ್ದೆ.

ನಳಿಗೆಗೆ ತೊಡರುತ್ತದೆ ಎಂದು ಕರಡಿಗೆಯನ್ನು ಮತ್ತೆ ಕೊರಳಿಗೆ ಹಾಕಲಿಲ್ಲ. ಆದರೆ ಅಕ್ಕನ ಸೊಸೆ ದಿನಾ ಬೆಳಿಗ್ಗೆ ಅತ್ತೆಯ ಮೈ ಒರೆಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಹಚ್ಚಿ, ಆಮೇಲೇ ಗಂಜಿ ಬಿಡುತ್ತಿದ್ದಳು. ನಾನು ಅದನ್ನು ಒಮ್ಮೆಯೂ ನೋಡಲಿಲ್ಲ. ವಾರಕ್ಕೊಮ್ಮೆ ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ನಾನು ಬಂದು ಸೇರುವುದೇ ಊಟದ ಹೊತ್ತಿಗೆ.

ಎರಡನೇ ತಿಂಗಳಿನಲ್ಲಿ ಒಂದು ದಿನ ಸೊಸೆ ಬಾಗಿಲಲ್ಲೇ ಕಾದಿದ್ದಳು.

“ಮಾವ, ಅತ್ತೆಗೆ ಗ್ಯಾನ ಐತ್ರೀ. ಲಿಂಗ ಇಟ್ಟಾಗ ಕೈ ನೋಡ್ರಿ, ಗೊತ್ತಾಗುತ್ತೆ.”

ಕೈ ಏನು ಮಾಡುತ್ತದೆ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೇನು, ನನಗೆ ಗೊತ್ತಿತ್ತಲ್ಲ. ನೇರ ಹಾಸಿಗೆಯ ಹತ್ತಿರ ಹೋಗಿ ಅಕ್ಕನ ಎಡ ಅಂಗೈಗೆ ನನ್ನ ತೋರುಬೆರಳು ಒತ್ತಿದೆ. ಮುಷ್ಟಿ ಬಿಗಿಯಾಯಿತು. ಸೊಸೆಯ ಕೈಲಿದ್ದ ಸೌಟು ಇಸಿದುಕೊಂಡು ಅದರ ಹಿಡಿ ಇಟ್ಟೆ, ಆಗಲೂ ಬಿಗಿಯಾಯಿತು. “ನೋಡಮ್ಮಾ, ಏನಿಟ್ಟರೂ ಮುಚ್ಚಿಕೊಳ್ಳುತ್ತೆ. ಹಸುಗೂಸಿನ ಕೈಯೂ ಹೀಗೇ ಮಾಡುತ್ತೆ. ನರ ಮಾಡೋ ಕೆಲಸ ಇದು, ಅಕ್ಕ ಮಾಡ್ತಿರೋದಲ್ಲ” ಅಂದೆ. ಸಾಲದು ಎಂಬಂತೆ ಸೇರಿಸಿದೆ: “ಮತ್ತೆ ಅದು ಗ್ಯಾನ ಅಲ್ಲ, ಜ್ಞಾನ. ಆ ಜ್ಞಾನ ಈಗ ಇಲ್ಲ.”

ಸೊಸೆ ಸೌಟು ತೆಗೆದುಕೊಂಡು ಒಳಗೆ ಹೋದಳು.

ಅಂದಿನಿಂದ ಆ ಕೋಣೆಯ ರೀತಿಯೇ ಬದಲಾಯಿತು. ಬಂದವರು ಅಕ್ಕನನ್ನು ಮಾತಾಡಿಸುವುದು ಬಿಟ್ಟು ಅಕ್ಕನ ಬಗ್ಗೆ ಮಾತಾಡತೊಡಗಿದರು, ಅದೂ ಅವಳ ತಲೆಯ ಮೇಲೆಯೇ. ಮೊದಲು ಹಾಗೆ ಮಾತಾಡಿದವನು ನಾನು. ಒಮ್ಮೆ ಅವಳ ಕಣ್ಣಂಚಿನಲ್ಲಿ ನೀರು ಇಳಿದಿತ್ತು. ರೆಪ್ಪೆ ಸರಿಯಾಗಿ ಮುಚ್ಚದಿದ್ದರೆ ಕಣ್ಣು ಒಣಗಿ ಹಾಗಾಗುತ್ತದೆ ಎಂದು ಅದಕ್ಕೂ ಪಾಠ ಮಾಡಿದೆ.

ನಾಲ್ಕನೇ ತಿಂಗಳು ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತು. “ಶಿವಮೊಗ್ಗಕ್ಕೆ ಒಯ್ಯೋಣೇನ್ರೀ ಮಾವ?” ಎಂದು ಅಕ್ಕನ ಮಗ ಕೇಳಿದ. ನಾನು ಅವಳ ಕಾಲ ಬಳಿ ನಿಂತಿದ್ದೆ. ಅವಳ ಕಣ್ಣು ತೆರೆದಿತ್ತು.

“ಬ್ಯಾಡಪ್ಪಾ. ಮತ್ತೆ ಸೂಜಿ ಚುಚ್ಚಿಸ್ಕಳಾಕೆ ಅಕ್ಕ ಎಲ್ಲಿದಾಳೆ ಇದರಾಗೆ? ಇದು ಬರೇ ಮೈ.”

ಹೀಗೆಂದವನು ನಾನೇ. ಅವಳು ಎಣ್ಣೆ ಹಚ್ಚಿ ಬೆಳೆಸಿದ ತಮ್ಮ. ಐದನೇ ದಿನ ಬೆಳಿಗ್ಗೆ ಅವಳು ಹೋದಳು.

ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ಕೂತ ಹಾಗೆಯೇ ಮಣ್ಣು ಮಾಡುತ್ತೇವೆ. ಅಯ್ಯನವರು ಅಂಗೈಗೆ ಲಿಂಗ ಇಟ್ಟರೆ ಕೈ ಜೋತು ಅದು ಉರುಳಿತು. ಮತ್ತೆ ಇಟ್ಟರು, ಮತ್ತೆ ಉರುಳಿತು. ಕೊನೆಗೆ ಬಿಳಿ ಬಟ್ಟೆಯ ಪಟ್ಟಿ ಸುತ್ತಿ ಕಟ್ಟಿದರು. ಮಣಿಕಟ್ಟು ಹಿಡಿದು ಕೂತಿದ್ದ ಸೊಸೆ, ಯಾರಿಗೂ ಅಲ್ಲದಂತೆ ಮೆಲ್ಲಗೆ ಹೇಳಿದಳು.

“ನಿನ್ನೆ ತನಕ ಕಟ್ಟೋದು ಬೇಕಿರಲಿಲ್ಲ. ಅಂಗೈ ಬಿಚ್ಚಿ ತಾವೇ ಇಟ್ಕಂಡಿರ್ತಿದ್ರು.”

ಬಿಚ್ಚಿ ಎಂಬ ಮಾತು ನನಗೆ ತಲುಪಲು ಸ್ವಲ್ಪ ಹೊತ್ತು ಬೇಕಾಯಿತು. ಬೆರಳಿಟ್ಟರೆ ಮುಷ್ಟಿ, ಸೌಟಿಟ್ಟರೆ ಮುಷ್ಟಿ. ಲಿಂಗ ಇಟ್ಟರೆ ಬಿಚ್ಚಿದ ಅಂಗೈ, ಅರವತ್ತು ವರ್ಷ ಇಟ್ಟುಕೊಂಡ ಹಾಗೆ. ಸೊಸೆ ಅವತ್ತು ನನಗೆ ತೋರಿಸಬೇಕೆಂದಿದ್ದುದು ಅದನ್ನು.

ಇದಕ್ಕೂ ನನ್ನ ಬಳಿ ಉತ್ತರವಿದೆ, ಇಲ್ಲದೆ ಇರುತ್ತದೆಯೇ. ಅಂಗೈಯನ್ನು ಒತ್ತಿ ತೀಡಿದರೆ ಮಾತ್ರ ಬೆರಳು ಮಡಚುತ್ತವೆ, ಹಗುರವಾದದ್ದನ್ನು ಮೆತ್ತಗೆ ಇಟ್ಟರೆ ಮಡಚದಿರಬಹುದು. ಅದೇ ತೂಕದ ಬೇರೆ ಕಲ್ಲೊಂದನ್ನು ಅಷ್ಟೇ ಮೆತ್ತಗೆ ಇಟ್ಟು ನೋಡಿದ್ದರೆ ತಿಳಿಯುತ್ತಿತ್ತು. ಒಂದು ಬೆಳಗಿನ ಕೆಲಸ. ಒಂದು ಸಲ ನೋಡಿ ತೀರ್ಮಾನಕ್ಕೆ ಬರಬೇಡಿ ಎಂದು ಎಷ್ಟು ವರ್ಷ ಮಕ್ಕಳಿಗೆ ಹೇಳಿದೆನೋ. ಈಗ ಕೈ ಮಣ್ಣಿನಲ್ಲಿದೆ. ಅಕ್ಕ ಆ ಮೈಯೊಳಗಿದ್ದಳೋ ಇಲ್ಲವೋ ಯಾವ ವಿಜ್ಞಾನವೂ ನನಗೆ ಹೇಳಲಾರದು, ಯಾವ ಸ್ವಾಮಿಯೂ ಹೇಳಲಾರ. ಇದ್ದಿದ್ದರೆ, ಕಾಲ ಬಳಿ ನಿಂತು ನಾನಾಡಿದ್ದನ್ನು ಕೇಳಿಸಿಕೊಂಡಿದ್ದಾಳೆ. ಇಷ್ಟರ ಆಚೆ ನನ್ನ ಯೋಚನೆ ಹೋಗುವುದಿಲ್ಲ.

ಮೂರನೇ ದಿನ ನೆಂಟರೆಲ್ಲ ಹೋದ ಮೇಲೆ ಸೊಸೆ ಹಿತ್ತಲಲ್ಲಿ ಆ ಹಾಸಿಗೆಯ ಬಟ್ಟೆ ಒಗೆಯುತ್ತಿದ್ದಳು. ತಡೆಯಲಾಗದೆ ಹೋಗಿ ಕೇಳಿದೆ.

“ಅವತ್ತೇ ಯಾಕಮ್ಮಾ ನನಗೆ ಹೇಳಲಿಲ್ಲ?”

ಅವಳು ತಲೆ ಎತ್ತಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ಹೇಳಿದ್ನಲ್ರೀ ಮಾವ, ಗ್ಯಾನ ಐತಿ ಅಂತ. ನೀವು ಅದನ್ನ ತಿದ್ದಿದ್ರಿ.”

ಮತ್ತೆ ಬಗ್ಗಿ ಬಟ್ಟೆ ಹಿಂಡಿದಳು.