ಬೆರಳುಂಗುರದ ರಾಡೆಕ್

ದಹಬ್ ಎಂಬ ಕಡಲೂರಿನ ದಡದಲ್ಲಿರುವ ನನ್ನ ಚಹಾ ಚಪ್ಪರಕ್ಕೆ ವರ್ಷಕ್ಕೊಮ್ಮೆ ಬರುವ ಪೋಲೆಂಡಿನ ರಾಡೆಕ್, ಒಂದೇ ಉಸಿರಿನಲ್ಲಿ ಹಗ್ಗದ ಗುಂಟ ಕಡಲಾಳಕ್ಕೆ ಇಳಿಯುವ ಜಾತಿಯವನು. ಬೆಳಿಗ್ಗೆ ತಿಂಡಿಯಿಲ್ಲ, ಚಹಾಕ್ಕೆ ಸಕ್ಕರೆಯಿಲ್ಲ; ಮುಳುಗುವ ಮುನ್ನ ಎದೆಬಡಿತ ನಿಧಾನವಾಗಲೆಂದು ನನ್ನ ಚಾಪೆಯ ಮೇಲೆ ಹೆಣದಂತೆ ಮಲಗಿ ತನ್ನ ನಾಡಿಯನ್ನು ತಾನೇ ಹಿಡಿದುಕೊಂಡಿರುತ್ತಾನೆ, ಮೇಕೆ ಬಂದು ಪಾದ ನೆಕ್ಕಿದರೂ ಅಲುಗುವುದಿಲ್ಲ. ನೀರಿನಿಂದ ಮೇಲೆ ಬಂದವನು ಎರಡು ಬೆರಳು ಉಂಗುರ ಮಾಡಿ ತೋರಿಸಿ "ಚೆನ್ನಾಗಿದೀನಿ" ಅನ್ನದಿದ್ದರೆ ಆ ಮುಳುಗು ಲೆಕ್ಕಕ್ಕಿಲ್ಲ ಎಂಬುದು ಅವರ ನಿಯಮವಂತೆ. ಇವನಿಗೆ ಆ ಚಾಳಿ ದಡದ ಮೇಲೂ ಅಂಟಿತ್ತು: ಬಿಸಿ ಚಹಾ ತೊಡೆಗೆ ಚೆಲ್ಲಿದರೂ ಉಂಗುರ, ಒಂಟೆ ಟೋಪಿ ಕಿತ್ತುಕೊಂಡರೂ ಉಂಗುರ. ಹಗ್ಗದ ಬಳಿ ಈಜುತ್ತ ಕಾಯುವ ನಮ್ಮಜ್ಜ ಅವ್ವಾದ್‌ನನ್ನು, "ನನ್ನನ್ನೇನು ಕಾಯ್ತೀಯಜ್ಜ, ಹೋಗಿ ನೆರಳಲ್ಲಿ ಕೂತ್ಕೊ" ಎಂದು ದಿನಾ ರೇಗಿಸುತ್ತಿದ್ದ. ನಿನ್ನೆ ಮೇಲೆ ಬರುತ್ತಿದ್ದಾಗಲೇ ರಾಡೆಕ್‌ಗೆ ಪ್ರಜ್ಞೆ ತಪ್ಪಿತು. ಅಜ್ಜನೇ ಅವನ ತಲೆಯನ್ನು ನೀರಿನಿಂದೆತ್ತಿ ಮುಖಕ್ಕೆ ಗಾಳಿ ಊದಿದ. ಕಣ್ಣು ಬಿಡುವ ಮೊದಲೇ ನೀಲಿಗಟ್ಟಿದ ಬೆರಳುಗಳು ಉಂಗುರವಾದವು, ಬಾಯಿ "ಚೆನ್ನಾಗಿದೀನಿ" ಎಂದಿತು. ದಡದಲ್ಲಿದ್ದ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಾನಂತೂ ಎಲ್ಲರಿಗಿಂತ ಜೋರಾಗಿ ನಕ್ಕೆ, ನೆನೆಸಿಕೊಂಡರೆ ಈಗ ನನಗೇ ನಾಚಿಕೆ. ಇಂದು ಬೆಳಿಗ್ಗೆ ರಾಡೆಕ್ ಬಂದು, ಕೇಳದೆಯೇ ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿಕೊಂಡು ತಲೆ ತಗ್ಗಿಸಿ ಕೂತ. ಅಜ್ಜ ನಿನ್ನೆಯ ಸುದ್ದಿಯನ್ನೇ ಎತ್ತದೆ, "ಹೆಂಗಿದೀಯ, ಮಗ?" ಎಂದ. ರಾಡೆಕ್‌ನ ಬೆರಳುಗಳು ಮೇಲೆದ್ದು, ಉಂಗುರವಾಗುವಷ್ಟರಲ್ಲಿ ನಿಂತವು. ಆ ಕೈಯನ್ನು ತೊಡೆಯಡಿಗೆ ಸೇರಿಸಿಕೊಂಡು ಅವನು ಮೆಲ್ಲಗೆ ಹೇಳಿದ: "ಹೆದರಿಕೆ ಆಗುತ್ತಜ್ಜ. ಪ್ರತಿ ಸಲನೂ."